ಅತ್ತೆ, ಮಕ್ಕಳ ಜೊತೆ ಪೋಲೆಂಡ್ ಪ್ರವಾಸ: ವಾರ್ಸಾ ಬಿಡಬಹುದಾ?

ಯಾಣದಮ್ಮ
ಎಲ್ಲರಿಗೂ ನಮಸ್ಕಾರ. ಮೇ ರಜೆಯಲ್ಲಿ ಮನೆಮಂದಿಯೆಲ್ಲ ಪೋಲೆಂಡ್‌ಗೆ ಹೊರಟಿದ್ದೇವೆ. ನಾನು, ನಮ್ಮವರು, ಮಂಡಿನೋವಿರುವ ಅತ್ತೆ, ಹತ್ತನೇ ಕ್ಲಾಸ್ ಪರೀಕ್ಷೆ ಮುಗಿಸುವ ಮಗ, ನಾಲ್ಕನೇ ಕ್ಲಾಸಿನ ಮಗಳು. ಕೈಯಲ್ಲಿರುವುದು ವಾರಕ್ಕಿಂತ ಸ್ವಲ್ಪ ಜಾಸ್ತಿ ದಿನ. ಮಗನಿಗೆ ಎರಡನೇ ಮಹಾಯುದ್ಧದ ಹುಚ್ಚು. ಪ್ಯಾರಿಸ್ ಬಿಟ್ಟು ಈ ಕಡೆ ಹೊರಟಿದ್ದೇ ಅವನ ಹಟಕ್ಕೆ.

ಕ್ರಾಕೋವ್ ಅಂತೂ ಖಚಿತ. ತಕರಾರು ಇರುವುದು ವಾರ್ಸಾ ಬಗ್ಗೆ. ನಮ್ಮವರ ಆಫೀಸಿನಲ್ಲಿ ಒಬ್ಬರು, "ಅಲ್ಲಿನ ಹಳೇ ಊರು ಹಳೇದೇ ಅಲ್ಲ, ಯುದ್ಧ ಆದಮೇಲೆ ಕಟ್ಟಿದ್ದು, ಸುಮ್ನೆ ಹೋಗಬೇಡಿ" ಅಂದರಂತೆ. ನಿಜವಾ? ಮಗಳನ್ನು ನಾಜಿಗಳ ಸಾವಿನ ಶಿಬಿರವಾಗಿದ್ದ ಆಶ್ವಿಟ್ಜ್‌ಗೆ ಕರೆದುಕೊಂಡು ಹೋಗಬಹುದಾ? ಅತ್ತೆಗೆ ಉಪ್ಪಿನ ಗಣಿ ಆಗುತ್ತದಾ? ಅವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಊಟದ ಕಥೆ ಏನು? ಹೋಗಿ ಬಂದವರು ಹೇಳಿ.

ಕಡಲತಡಿ
ವಾರ್ಸಾ ಬಿಡಿ. ಕ್ರಾಕೋವ್ ನೋಡಿ, ಅಲ್ಲಿಂದ ಉತ್ತರಕ್ಕೆ ಗ್ಡಾನ್ಸ್ಕ್, ಮಾಲ್ಬೋರ್ಕ್ ಕೋಟೆ. ವಾರ್ಸಾದ ಹಳೇ ಊರು ಸಿನಿಮಾ ಸೆಟ್ ಇದ್ದ ಹಾಗಿದೆ. 1953ರಲ್ಲಿ ಮುಗಿದ ಚೌಕವನ್ನು ಹದಿನೇಳನೇ ಶತಮಾನದ್ದು ಅಂತ ನೋಡಿಕೊಂಡು ನಿಲ್ಲುವುದು ನನಗಂತೂ ಆಗಲಿಲ್ಲ.

ಕ್ರಾಕೋವ್_ಕನ್ನಡಿಗ
ನಾನು ಇಲ್ಲೇ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಊರಿಂದ ಯಾರೇ ಬಂದರೂ ಸುತ್ತಿಸುವ ಜವಾಬ್ದಾರಿ ನನ್ನದೇ. ಸದ್ಯಕ್ಕೆ ಎರಡು ವಿಷಯ ಹೇಳುತ್ತೇನೆ.

ಮೇ 1ರಿಂದ 3ರವರೆಗೆ ಬರಬೇಡಿ. 1 ಕಾರ್ಮಿಕರ ದಿನ, 3 ಸಂವಿಧಾನದ ದಿನ (1791ರ ಸಂವಿಧಾನ, ಇವರಿಗೆ ತುಂಬಾ ಹೆಮ್ಮೆಯದು). ಇಡೀ ದೇಶ ರಜೆ ಹಾಕಿ ಊರೂರು ಸುತ್ತುತ್ತದೆ. ರೂಮು ಸಿಗುವುದಿಲ್ಲ, ಸಿಕ್ಕರೂ ದುಬಾರಿ. ಎರಡನೇ ವಾರದಿಂದ ಹವೆ ಚೆನ್ನಾಗಿರುತ್ತದೆ, ರಾತ್ರಿ ಎಂಟರವರೆಗೂ ಬೆಳಕಿರುತ್ತದೆ.

ಇನ್ನೊಂದು, ಅತ್ತೆಯವರ ಮಂಡಿ. ವೀಲಿಚ್ಕಾ ಉಪ್ಪಿನ ಗಣಿಯಲ್ಲಿ ಒಟ್ಟು ಸುಮಾರು 800 ಮೆಟ್ಟಿಲು. ಶುರುವಿನಲ್ಲೇ ಮರದ ಮೆಟ್ಟಿಲು 380 ಇಳಿಯಬೇಕು. ಬರುವಾಗ ಲಿಫ್ಟ್ ಇದೆ, ಆದರೆ ಮಂಡಿಗೆ ಕಷ್ಟ ಕೊಡುವುದು ಇಳಿಯುವುದೇ ಅಲ್ವಾ. ನಡೆಯಲು ಆಗದವರನ್ನು ಲಿಫ್ಟಿನಲ್ಲೇ ಇಳಿಸುವ ಬೇರೆ ವ್ಯವಸ್ಥೆ ಇದೆ. ಅದನ್ನು ಮೊದಲೇ ಬರೆದು ಕೇಳಿಕೊಳ್ಳಬೇಕು, ಬಾಗಿಲಿಗೆ ಹೋಗಿ ಕೇಳಿದರೆ ಆಗುವುದಿಲ್ಲ.

ಪುಟ್ಟನ_ಅಮ್ಮ
ಗಣಿಯನ್ನು ಮಾತ್ರ ಬಿಡಬೇಡಿ ಅಕ್ಕ. ನೆಲದಿಂದ 101 ಮೀಟರ್ ಕೆಳಗೆ ಇಡೀ ಚರ್ಚನ್ನೇ ಉಪ್ಪಿನಲ್ಲಿ ಕೆತ್ತಿದ್ದಾರೆ. ನೆಲ, ಗೋಡೆ, ಮೂರ್ತಿ, ಮೇಲೆ ತೂಗುವ ದೀಪದ ಹರಳು ಸೇರಿ ಎಲ್ಲ ಉಪ್ಪು. ಕೆತ್ತಿದವರು ದೊಡ್ಡ ಕಲಾಶಾಲೆಯಲ್ಲಿ ಓದಿ ಬಂದವರಲ್ಲ, ಗಣಿಯ ಕೆಲಸಗಾರರೇ. ನಮ್ಮ ಪುಟ್ಟ ಗೋಡೆ ನೆಕ್ಕಿ ನೋಡಿದ, ಗೈಡ್ ನಕ್ಕು "ಎಲ್ಲ ಮಕ್ಕಳೂ ಹೀಗೇ" ಅಂದರು. ಒಳಗೆ ಮೇ ತಿಂಗಳಲ್ಲೂ ತಂಪು, ಸ್ವೆಟರ್ ಬೇಕು.

ಮೇಷ್ಟ್ರು_ತೀರ್ಥಹಳ್ಳಿ
ಕಡಲತಡಿಯವರ ಮಾತು ನನಗೆ ಒಪ್ಪಿಗೆಯಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ.

ವಾರ್ಸಾ ಯಾಕೆ ಹಾಳಾಯಿತು ಅನ್ನುವುದನ್ನು ಬಿಟ್ಟು ಅದು ಹೊಸದೋ ಹಳೆಯದೋ ಅಂತ ಮಾತಾಡಿದರೆ ಏನೂ ಸಿಗುವುದಿಲ್ಲ. 1944ರ ಆಗಸ್ಟ್ 1ರಂದು ಊರಿನ ಜನ ಜರ್ಮನರ ವಿರುದ್ಧ ಎದ್ದರು. 63 ದಿನ ಹೋರಾಡಿ ಸೋತರು. ಸತ್ತ ನಾಗರಿಕರೇ ಒಂದೂವರೆ ಲಕ್ಷಕ್ಕೂ ಹೆಚ್ಚು. ಉಳಿದವರನ್ನು ಊರಿನಿಂದ ಹೊರಗೆ ಅಟ್ಟಿದರು. ಆಮೇಲೆ ಖಾಲಿ ಊರಿನಲ್ಲಿ ಜರ್ಮನ್ ಸೈನ್ಯ ಬೀದಿ ಬೀದಿಗೆ ಬೆಂಕಿಯಿಟ್ಟು, ಸಿಡಿಮದ್ದು ಹೂತು ಕಟ್ಟಡಗಳನ್ನು ಉರುಳಿಸಿತು. ಅರಮನೆಯನ್ನೂ ಹಾಗೇ ಸಿಡಿಸಿದರು. ಹಳೇ ಊರಿನ ನೂರಕ್ಕೆ 85 ಪಾಲಿಗಿಂತ ಹೆಚ್ಚು ನೆಲಸಮ. ಇದು ಬರೀ ಯುದ್ಧದ ನಡುವೆ ಬಿದ್ದ ಬಾಂಬ್ ಅಲ್ಲ. ಒಂದು ಜನಕ್ಕೆ ತನ್ನ ಊರೇ ಇರಬಾರದು ಅಂತ ಕೂತು ಯೋಚಿಸಿ ಮಾಡಿದ ಕೆಲಸ.

ಈಗ ಹೇಳಿ, ಅದನ್ನು ಮತ್ತೆ ಕಟ್ಟಿದ್ದು ಸೆಟ್ ಹಾಕಿದಂತೆಯಾ? ಯುದ್ಧಕ್ಕೆ ಮೊದಲು ವಾಸ್ತುಶಿಲ್ಪದ ವಿದ್ಯಾರ್ಥಿಗಳು ಹಳೇ ಮನೆಗಳ ಅಳತೆ ತೆಗೆದು ನಕ್ಷೆ ಬರೆದಿದ್ದರು. ಆ ನಕ್ಷೆಗಳನ್ನು ಜರ್ಮನರ ಕಣ್ಣು ತಪ್ಪಿಸಿ ಊರಾಚೆಗೆ ಸಾಗಿಸಿ ಒಂದು ಮಠದಲ್ಲಿ ಬಚ್ಚಿಟ್ಟರು. ಹದಿನೆಂಟನೇ ಶತಮಾನದಲ್ಲಿ ಬೆರ್ನಾರ್ಡೋ ಬೆಲ್ಲೋಟೋ ಅನ್ನುವ ಆಸ್ಥಾನದ ಚಿತ್ರಕಾರ ಬೀದಿಗಳನ್ನು ಕಿಟಕಿ ಕಿಟಕಿ ಸಹಿತ ಬರೆದಿದ್ದ. ಆ ಚಿತ್ರಗಳೂ ಉಳಿದಿದ್ದವು. ಅವನ್ನೆಲ್ಲ ಮುಂದಿಟ್ಟುಕೊಂಡು, ಅವಶೇಷದಲ್ಲಿ ಸಿಕ್ಕ ಕಲ್ಲು ಇಟ್ಟಿಗೆಗಳನ್ನೂ ಸೇರಿಸಿಕೊಂಡು ಕಟ್ಟಿದರು. 1980ರಲ್ಲಿ ಯುನೆಸ್ಕೋ ಇದನ್ನು ಪಟ್ಟಿಗೆ ಸೇರಿಸಿದ್ದು ಹಳೇದು ಅಂತಲ್ಲ, ಮರಳಿ ಕಟ್ಟಿದ ಕೆಲಸಕ್ಕಾಗಿ. ಅರಮನೆಗೆ ಹೋದರೆ ಬೆಲ್ಲೋಟೋನ ಚಿತ್ರಗಳ ಕೋಣೆ ಇದೆ. ಮೊದಲು ಅದನ್ನು ನೋಡಿ, ಆಮೇಲೆ ಬೀದಿಗೆ ಇಳಿಯಿರಿ.

ಕಡಲತಡಿ
ಮೇಷ್ಟ್ರೇ, ಕಟ್ಟಿದವರ ಮೇಲೆ ನನಗೂ ಗೌರವ ಇದೆ. ಇತಿಹಾಸ ನೋಡಲು ಇಷ್ಟು ದೂರ ಹೋಗುವವರಿಗೆ ಅಸಲಿ ಕಲ್ಲು ಮುಟ್ಟುವ ಆಸೆ ಇರುತ್ತದೆ, ಅದು ತಪ್ಪಾ? ಕ್ರಾಕೋವ್‌ನಲ್ಲಿ ಅದು ಸಿಗುತ್ತದೆ. ದಿನ ಕಡಿಮೆ ಇರುವವರಿಗೆ ಹೇಳಿದ ಮಾತು ನನ್ನದು.

ನಕ್ಷೆಗಾರ
ಇಬ್ಬರ ಮಾತಿಗೂ ಒಂದು ತಿದ್ದುಪಡಿ. ನನ್ನದು ವಾಸ್ತುಶಿಲ್ಪದ ವೃತ್ತಿ.

ವಾರ್ಸಾದಲ್ಲಿ ಕಟ್ಟಿದ್ದು 1939ರಲ್ಲಿ ಇದ್ದ ಊರನ್ನೇ ಅಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಮನೆಗಳ ಹಿಂದೆ ಒತ್ತೊತ್ತಾಗಿ ಎದ್ದಿದ್ದ ಕಟ್ಟಡಗಳನ್ನು ಮತ್ತೆ ಕಟ್ಟಲಿಲ್ಲ. ಹಿತ್ತಲುಗಳನ್ನು ಗಾಳಿ ಬೆಳಕು ಬರುವಂತೆ ತೆರೆದಿಟ್ಟರು. ಎದುರಿನ ಗೋಡೆ ಹಳೇ ಕಾಲದ್ದು, ಒಳಗಿನ ಮನೆಗಳು ಕೆಲಸಗಾರರಿಗೆ ಅಂತ ಮಾಡಿದ ಹೊಸ ಫ್ಲಾಟ್‌ಗಳು. ಕೆಲವು ಕಡೆ ಬೆಲ್ಲೋಟೋನ ಚಿತ್ರವನ್ನು ನಂಬಿ, ಯುದ್ಧಕ್ಕೆ ಮೊದಲು ಇದ್ದ ರೂಪವನ್ನು ಬಿಟ್ಟು ಅದಕ್ಕೂ ಹಿಂದಿನ ರೂಪ ಕೊಟ್ಟರು. ಇಟ್ಟಿಗೆ ಸಾಲದೆ ವ್ರೋಟ್ಸ್ವಾಫ್‌ನಂಥ ಬೇರೆ ಹಾಳಾದ ಊರುಗಳಿಂದ ತಂದರು. ಆ ಊರುಗಳ ಜನಕ್ಕೆ ಇವತ್ತಿಗೂ ಅದರ ಬೇಸರ ಇದೆ. ಅರಮನೆ ವಿಷಯ ಇನ್ನೂ ಬೇರೆ. ಕಟ್ಟುವ ತೀರ್ಮಾನ ಆಗಿದ್ದೇ 1971ರಲ್ಲಿ, ಜನ ನೋಡಲು ತೆರೆದದ್ದು 1984ರಲ್ಲಿ.

ನನಗೆ ವಾರ್ಸಾ ಮುಖ್ಯ ಅನಿಸುವುದು ಇದಕ್ಕೇ. ಹಳೇದರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅಂತ ಜನ ಕುಳಿತು ತೀರ್ಮಾನಿಸಿದ್ದು ಅಲ್ಲಿ ಗೋಡೆಯಲ್ಲೇ ಕಾಣುತ್ತದೆ.

ಕಡಲತಡಿ
ಇದು ಗೊತ್ತಿರಲಿಲ್ಲ. ಹೀಗೆ ಹೇಳಿದರೆ ನೋಡುವ ಆಸೆ ಬರುತ್ತದೆ. ಆದರೂ ಮಾಲ್ಬೋರ್ಕ್ ಮೊದಲು ಅನ್ನುತ್ತೇನೆ. 😀

ಬೆಣ್ಣೆದೋಸೆ
ಊಟದ ಬಗ್ಗೆ ಯಾರೂ ಹೇಳಲೇ ಇಲ್ಲ!

ಅಕ್ಕ, ಪಿರೋಗಿ ಅಂತ ಸಿಗುತ್ತದೆ, ಕಡುಬಿನ ಥರ. ಆಲೂಗಡ್ಡೆ ಮತ್ತು ಪನೀರಿನಂಥ ಗಿಣ್ಣು ತುಂಬಿದ್ದು ಬರುತ್ತದೆ, "ರುಸ್ಕಿಯೆ" ಅಂತ ಕೇಳಿ. ಎಲೆಕೋಸು ಅಣಬೆಯದ್ದು, ಸಿಹಿಯದ್ದೂ ಇದೆ. ಆದರೆ ಎಚ್ಚರ. ಒಳಗೆ ಮಾಂಸ ಇಲ್ಲದಿದ್ದರೂ ಮೇಲೆ ಹುರಿದ ಹಂದಿ ಕೊಬ್ಬಿನ ಚೂರು ಸುರಿದು ಕೊಡುತ್ತಾರೆ. "ಬೆಜ್ ಸ್ಕ್ವಾರ್ಕುಫ್" ಅಂತ ಮೊದಲೇ ಹೇಳಿಬಿಡಿ. ಹಿಟ್ಟಿಗೆ ಮೊಟ್ಟೆ ಹಾಕುವ ಅಂಗಡಿಗಳೂ ಇವೆ. ಅತ್ತೆಯವರಿಗೆ ಅಂತಾದರೆ ಪ್ರತಿ ಸಲ ಕೇಳಲೇಬೇಕು.

ಸೂಪು ನೋಡಿ ಮೋಸಹೋಗಬೇಡಿ. ಝುರೆಕ್ ಅನ್ನುವ ಹುಳಿ ಸೂಪಿನಲ್ಲಿ ಸಾಸೇಜ್, ಮೊಟ್ಟೆ ಎರಡೂ ಇರುತ್ತದೆ.

ಪುಟ್ಟನ_ಅಮ್ಮ
ಕ್ರಾಕೋವ್ ಬೀದಿಯಲ್ಲಿ ಗಾಡಿಯಲ್ಲಿ ಮಾರುವ ಒಬ್ವಾಜಾನೆಕ್, ಎಳ್ಳು ಹಾಕಿದ ಬಳೆ ಥರದ ಬ್ರೆಡ್ಡು. ನಮ್ಮ ಮನೆಯವರ ಬೆಳಗಿನ ತಿಂಡಿ ಅದೇ ಆಗಿತ್ತು. ಅಡಿಗೆಮನೆ ಇರುವ ಅಪಾರ್ಟ್‌ಮೆಂಟ್ ಮಾಡಿಕೊಳ್ಳಿ, ಒಂದು ಸಣ್ಣ ಕುಕ್ಕರ್, ಅಕ್ಕಿ, ಹುಳಿಪುಡಿ ಇದ್ದರೆ ಅತ್ತೆ ಆರಾಮ.

ಕ್ರಾಕೋವ್_ಕನ್ನಡಿಗ
ಅಪಾರ್ಟ್‌ಮೆಂಟ್ ಮಾಡುವುದಾದರೆ ಲಿಫ್ಟ್ ಇದೆಯಾ ಅಂತ ಕೇಳಿ. ಹಳೇ ಊರಿನ ಕಟ್ಟಡಗಳಲ್ಲಿ ಬಹಳಷ್ಟಕ್ಕೆ ಇಲ್ಲ. ಹಾಲು, ತರಕಾರಿ ಶನಿವಾರವೇ ತಂದಿಡಿ. ಭಾನುವಾರ ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ, 2018ರಿಂದ ಕಾನೂನೇ ಹಾಗಿದೆ. ಬೀದಿ ಕೊನೆಯ ಸಣ್ಣ ಅಂಗಡಿ ತೆರೆದಿರಬಹುದು ಅಷ್ಟೇ. ನಡೆಸುವುದು ಝ್ಲೋಟಿಯಲ್ಲಿ, ಯೂರೋ ಅಲ್ಲ. ಕಾರ್ಡ್ ಎಲ್ಲ ಕಡೆ ನಡೆಯುತ್ತದೆ. ಶೌಚಾಲಯಕ್ಕೆ ಚಿಲ್ಲರೆ ಇಟ್ಟುಕೊಳ್ಳಿ. ಬಾಗಿಲ ಮೇಲೆ ತ್ರಿಕೋನ ಇದ್ದರೆ ಗಂಡಸರದು, ವೃತ್ತ ಇದ್ದರೆ ಹೆಂಗಸರದು.

ಯಾಣದಮ್ಮ
ತುಂಬಾ ತುಂಬಾ ಧನ್ಯವಾದ. ತ್ರಿಕೋನ ವೃತ್ತ ಈಗಲೇ ಬರೆದಿಟ್ಟುಕೊಂಡೆ. ವಾರ್ಸಾ ವಾದವನ್ನು ನಮ್ಮವರಿಗೆ ಓದಿಸಿದೆ, ಅವರೂ ಮೇಷ್ಟ್ರ ಪಕ್ಷ ಆದರು. ಮಗಳ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಅದೇ ನನಗೆ ನಿದ್ದೆ ಕೆಡಿಸಿರುವುದು.

ಶಾಲೆಪಕ್ಕ
ಕರೆದುಕೊಂಡು ಹೋಗಬೇಡಿ. ಆಶ್ವಿಟ್ಜ್ ವಸ್ತುಸಂಗ್ರಹಾಲಯದವರೇ 14 ವರ್ಷಕ್ಕಿಂತ ಕೆಳಗಿನವರು ಬೇಡ ಅಂತ ಸಲಹೆ ಕೊಡುತ್ತಾರೆ. ತಡೆಯುವುದಿಲ್ಲ, ಆದರೆ ಹೇಳುತ್ತಾರೆ. ಅವರಿಗಿಂತ ಚೆನ್ನಾಗಿ ಆ ಜಾಗ ಯಾರಿಗೆ ಗೊತ್ತು?

ಬೆಣ್ಣೆದೋಸೆ
ನಾನು ಒಪ್ಪುವುದಿಲ್ಲ. ಮಕ್ಕಳಿಗೆ ಕೆಟ್ಟದ್ದು ತೋರಿಸದೆ ಬೆಳೆಸಿದರೆ ಅವರಿಗೆ ತಿಳಿಯುವುದು ಯಾವಾಗ? ಫೋನಿನಲ್ಲಿ ಇದಕ್ಕಿಂತ ಕೆಟ್ಟದ್ದು ದಿನಾ ನೋಡುತ್ತಾರೆ.

ಶಾಲೆಪಕ್ಕ
ಫೋನಿನಲ್ಲಿ ನೋಡುವುದೂ ಅಲ್ಲಿ ನಿಲ್ಲುವುದೂ ಒಂದೇ ಅಲ್ಲ. ನಾನು ಪ್ರೈಮರಿ ಶಾಲೆಯಲ್ಲಿ ಪಾಠ ಮಾಡುವವಳು, ಆ ವಯಸ್ಸಿನ ಮಕ್ಕಳು ಗೊತ್ತು. ಅಲ್ಲಿ ಗಾಜಿನ ಹಿಂದೆ ರಾಶಿ ರಾಶಿ ಕೂದಲು ಇದೆ. ಹೆಸರು ಬರೆದ ಸೂಟ್‌ಕೇಸ್‌ಗಳಿವೆ. ಪುಟ್ಟ ಮಕ್ಕಳ ಚಪ್ಪಲಿ ಇದೆ. ಹತ್ತು ವರ್ಷದ ಮಗು ಆ ಚಪ್ಪಲಿಯನ್ನು ತನ್ನ ಕಾಲಿನ ಅಳತೆಗೆ ಹೋಲಿಸಿ ನೋಡುತ್ತದೆ. ಅಲ್ಲಿ ಕೊಂದವರು ಸುಮಾರು 11 ಲಕ್ಷ, ಅದರಲ್ಲಿ ಹತ್ತು ಲಕ್ಷದಷ್ಟು ಯಹೂದಿಗಳು. ಈ ಸಂಖ್ಯೆ ಮಗುವಿಗೆ ತಿಳಿಯುವುದಿಲ್ಲ, ಚಪ್ಪಲಿ ಮಾತ್ರ ನಿಲ್ಲುತ್ತದೆ. ಅದಕ್ಕೆ ಅರ್ಥ ಕೊಡುವಷ್ಟು ವಿಷಯ ಇನ್ನೂ ಅದಕ್ಕೆ ಗೊತ್ತಿರುವುದಿಲ್ಲ. ದೊಡ್ಡವಳಾದಮೇಲೆ ಹೋಗಲಿ, ತಯಾರಾಗಿ ಹೋಗಲಿ.

ಮೇಷ್ಟ್ರು_ತೀರ್ಥಹಳ್ಳಿ
ಶಾಲೆಪಕ್ಕ ಹೇಳಿದ್ದು ಸರಿ. ಮಗನನ್ನು ಒಬ್ಬರು ಕರೆದುಕೊಂಡು ಹೋಗಿ, ಇನ್ನೊಬ್ಬರು ಮಗಳು ಮತ್ತು ತಾಯಿಯವರ ಜೊತೆ ಕ್ರಾಕೋವ್‌ನಲ್ಲೇ ಇರಿ. ಮಗನಿಗೆ ಹೋಗುವ ಮೊದಲು ಒಂದಷ್ಟು ಓದಿಸಿ. ಮುಖ್ಯವಾಗಿ, ಮೊದಲ ಶಿಬಿರ ನೋಡಿ ವಾಪಸ್ ಬರಬೇಡಿ. ಮೂರು ಕಿಲೋಮೀಟರ್ ದೂರದ ಬಿರ್ಕೆನೌ, ಅಂದರೆ ಎರಡನೇ ಶಿಬಿರ, ನೋಡಲೇಬೇಕು. ಕೊಲ್ಲುವುದನ್ನು ಎಷ್ಟು ದೊಡ್ಡ ಮಟ್ಟದಲ್ಲಿ ಮಾಡಿದರು ಅನ್ನುವುದು ತಿಳಿಯುವುದು ಅಲ್ಲೇ. ನಡುವೆ ಉಚಿತ ಬಸ್ ಓಡಾಡುತ್ತದೆ.

ಕ್ರಾಕೋವ್_ಕನ್ನಡಿಗ
ಪ್ರವೇಶ ಉಚಿತ. ಆದರೆ ಹೆಸರು ಹಾಕಿದ ಪಾಸ್ ಅನ್ನು ಅವರ ಅಧಿಕೃತ ತಾಣದಲ್ಲೇ ಮೊದಲು ತೆಗೆದಿಡಬೇಕು. ಗೈಡ್ ಬೇಕಾದರೆ ದುಡ್ಡು. ತೆಗೆದುಕೊಳ್ಳಿ, ಮೂರೂವರೆ ಗಂಟೆಯ ಸುತ್ತು. ಬಾಗಿಲಲ್ಲಿ ಪಾಸ್‌ಪೋರ್ಟ್ ನೋಡುತ್ತಾರೆ. ಬೆನ್ನಿನ ದೊಡ್ಡ ಚೀಲ ಒಳಗೆ ಬಿಡುವುದಿಲ್ಲ.

ಆ ದಿನ ಮಗಳಿಗೆ ಗುಡ್ಡದ ಮೇಲಿನ ವಾವೆಲ್ ಕೋಟೆ ತೋರಿಸಿ. ಗುಡ್ಡದ ಬುಡದಲ್ಲಿ, ವಿಸ್ತುಲಾ ನದಿ ದಂಡೆಯಲ್ಲಿ ಲೋಹದ ಡ್ರ್ಯಾಗನ್ ನಿಂತಿದೆ, ಆಗಾಗ ಬಾಯಿಂದ ನಿಜವಾದ ಬೆಂಕಿ ಉಗುಳುತ್ತದೆ. ಚಮ್ಮಾರನೊಬ್ಬ ಕುರಿಯ ಚರ್ಮದಲ್ಲಿ ಗಂಧಕ ತುಂಬಿಟ್ಟ, ಡ್ರ್ಯಾಗನ್ ಅದನ್ನು ನುಂಗಿ ಹೊಟ್ಟೆ ಉರಿ ತಾಳದೆ ನದಿ ನೀರು ಕುಡಿದು ಕುಡಿದು ಒಡೆದುಹೋಯಿತು ಅನ್ನುವ ಕಥೆ. ಮಕ್ಕಳು ಅಲ್ಲಿಂದ ಏಳುವುದೇ ಇಲ್ಲ. ಅತ್ತೆಯವರಿಗೆ ಕೂರಲು ಬೆಂಚುಗಳೂ ಇವೆ. ಮೇಲಿನ ಗಂಟೆಗೋಪುರ ಮಾತ್ರ ಕಡಿದಾದ ಮರದ ಮೆಟ್ಟಿಲು. ಮಗಳು ಹತ್ತಲಿ, 1520ರಲ್ಲಿ ಎರಕ ಹೊಯ್ದ ಸಿಗಿಸ್ಮುಂಡ್ ಗಂಟೆ ಇದೆ.

ಗುಲ್‌ಮೊಹರ್
ಕ್ರಾಕೋವ್ ಚೌಕದಲ್ಲಿ ಗಂಟೆಗೊಮ್ಮೆ ಚರ್ಚಿನ ಗೋಪುರದಿಂದ ತುತ್ತೂರಿ ಊದುತ್ತಾರೆ, ಮಧ್ಯದಲ್ಲೇ ಥಟ್ಟನೆ ನಿಲ್ಲಿಸುತ್ತಾರೆ. 1241ರಲ್ಲಿ ತಾತಾರರು (ಮಂಗೋಲರು) ಮುತ್ತಿದಾಗ ಊದುತ್ತಿದ್ದವನ ಕುತ್ತಿಗೆಗೆ ಬಾಣ ತಾಗಿತ್ತಂತೆ, ಅದಕ್ಕೇ. ಮೈ ಜುಮ್ಮೆನ್ನುತ್ತದೆ.

ಮೇಷ್ಟ್ರು_ತೀರ್ಥಹಳ್ಳಿ
ದಾಳಿ ನಡೆದದ್ದು ನಿಜ. ಬಾಣದ ಕಥೆ ದಂತಕಥೆ, ಅದು ಹೆಸರಾದದ್ದೇ ಇಪ್ಪತ್ತನೇ ಶತಮಾನದಲ್ಲಿ. ಆದರೆ ಊದುವ ಪದ್ಧತಿ ಹಳೆಯದು. ಈಗ ಊದುವವರು ಅಗ್ನಿಶಾಮಕ ದಳದವರು, ಹಗಲೂ ರಾತ್ರಿ, ನಾಲ್ಕೂ ದಿಕ್ಕಿಗೆ. ಅದೇ ಚರ್ಚಿನ ಒಳಗೆ ಶಿಲ್ಪಿ ವೀಟ್ ಸ್ಟೋಸ್ 1477ರಿಂದ 1489ರವರೆಗೆ ಮರದಲ್ಲಿ ಕೆತ್ತಿದ ಪೂಜಾಪೀಠವಿದೆ. ಹೊರಗೆ ತುತ್ತೂರಿ ಕೇಳಿ ಹೋಗಿಬಿಡಬೇಡಿ, ಟಿಕೆಟ್ ತೆಗೆದು ಒಳಗೆ ಹೋಗಿ.

ಘಟಪ್ರಭಾ
ವಿಷಯ ಬಿಟ್ಟು ಮಾತಾಡುತ್ತಿದ್ದೇನೆ ಅಂತ ಬೈಯಬೇಡಿ. ವಾರ್ಸಾಕ್ಕೆ ಹೋದರೆ "ಒಳ್ಳೆಯ ಮಹಾರಾಜನ ಚೌಕ" ಇದೆ, ನೋಡಿ ಬನ್ನಿ. ನವಾನಗರದ (ಈಗ ಗುಜರಾತಿನ ಜಾಮ್‌ನಗರ) ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ ಅವರ ನೆನಪಿಗೆ. ಸೋವಿಯತ್ತರು ಪೋಲೆಂಡಿನ ಪೂರ್ವ ಭಾಗದಿಂದ ಜನರನ್ನು ಸೈಬೀರಿಯಾ ಕಡೆಗೆ ಅಟ್ಟಿದ್ದರಲ್ಲ, ಅಲ್ಲಿಂದ ಬಿಡುಗಡೆಯಾದ ಅನಾಥ ಮಕ್ಕಳಿಗೆ 1942ರಲ್ಲಿ ಬಾಲಾಚಡಿಯಲ್ಲಿ ಆಸರೆ ಕೊಟ್ಟವರು ಅವರು.

ನಮ್ಮ ಕಡೆಯವರಿಗೆ ಇನ್ನೂ ಹತ್ತಿರದ ಕಥೆ ಇದೆ. ಕೊಲ್ಹಾಪುರದ ಪಕ್ಕ ವಳಿವಡೆಯಲ್ಲಿ 1943ರಿಂದ 48ರವರೆಗೆ ಸುಮಾರು ಐದು ಸಾವಿರ ಪೋಲಿಷ್ ನಿರಾಶ್ರಿತರ ವಸತಿ ಇತ್ತು. ಹೆಚ್ಚಿನವರು ಹೆಂಗಸರು, ಮಕ್ಕಳು. ಶಾಲೆ, ಚರ್ಚು, ಅಂಗಡಿ ಎಲ್ಲ ಇತ್ತು. ನಿಪ್ಪಾಣಿಯಿಂದ ಒಂದು ಗಂಟೆ ದಾರಿ. ವಾರ್ಸಾದಲ್ಲಿ ಕೊಲ್ಹಾಪುರದ ಹೆಸರಿನ ಸ್ಮಾರಕವೂ ಇದೆ. 2024ರಲ್ಲಿ ನಮ್ಮ ಪ್ರಧಾನಿ ಎರಡೂ ಕಡೆ ಹೋಗಿದ್ದರು.

ನಕ್ಷೆಗಾರ
ಚೆನ್ನಾಗಿ ನೆನಪಿಸಿದಿರಿ. ಬೆಂಗಳೂರಿನ ನಂಟೂ ಇದೆ. ವಾರ್ಸಾದಲ್ಲಿ ಹುಟ್ಟಿದ ಮಾರಿಸ್ ಫ್ರೀಡ್‌ಮನ್ ಅನ್ನುವ ಎಂಜಿನಿಯರ್ 1930ರ ದಶಕದಲ್ಲಿ ಬೆಂಗಳೂರಿಗೆ ಬಂದು ಮೈಸೂರು ಸಂಸ್ಥಾನದ ವಿದ್ಯುತ್ ಸಾಮಾನಿನ ಕಾರ್ಖಾನೆ ನಡೆಸಿದರು. ಆಮೇಲೆ ಗಾಂಧೀಜಿ ಜೊತೆ ಕೆಲಸ ಮಾಡಿದರು. ಅವರ ಗೆಳತಿ ವಾಂಡಾ ಡಿನೋವ್ಸ್ಕಾ, ಉಮಾದೇವಿ ಅಂತ ಹೆಸರಿತ್ತು, ಟಿಬೆಟ್ ನಿರಾಶ್ರಿತರಿಗಾಗಿ ದುಡಿದವರು, ತೀರಿಕೊಂಡದ್ದು 1971ರಲ್ಲಿ ಮೈಸೂರಿನಲ್ಲಿ.

ಗುಲ್‌ಮೊಹರ್
ಮೈಸೂರಿನಲ್ಲೇ ಇದ್ದು ನನಗೆ ಇದು ಗೊತ್ತಿರಲಿಲ್ಲ!! ಇದರ ಬಗ್ಗೆ ಬೇರೆ ಎಳೆ ಶುರು ಮಾಡಿ ದಯವಿಟ್ಟು.

ರೈಲುಪ್ರೇಮಿ
ಕಾರು ಬಾಡಿಗೆಗೆ ತೆಗೆಯಬೇಡಿ, ರೈಲಿನಲ್ಲಿ ಹೋಗಿ. ಕ್ರಾಕೋವ್‌ನಿಂದ ವಾರ್ಸಾ ವೇಗದ ರೈಲಿಗೆ ಎರಡೂವರೆ ಗಂಟೆ ಆಚೀಚೆ. ವಾರ್ಸಾದಿಂದ ಗ್ಡಾನ್ಸ್ಕ್ ಮೂರು ಗಂಟೆಯೊಳಗೆ. ಮಾಲ್ಬೋರ್ಕ್ ಅದೇ ದಾರಿಯಲ್ಲಿ. ಟಿಕೆಟ್ ಬೇಗ ತೆಗೆದಷ್ಟೂ ಅಗ್ಗ. ಕಡಲತಡಿಯವರೇ, ವಾರ್ಸಾ ಹೇಗೂ ದಾರಿಯಲ್ಲೇ ಬರುತ್ತದೆ. ಇಳಿಯುವುದೋ ಬಿಡುವುದೋ ಅಷ್ಟೇ ಪ್ರಶ್ನೆ.

ಕಡಲತಡಿ
ಮಾಲ್ಬೋರ್ಕ್ ಸೇರಿಸಿದರೆ ನಾನು ಎಲ್ಲದಕ್ಕೂ ಒಪ್ಪಿದೆ. ನೆಲದ ಅಳತೆಯಲ್ಲಿ ಜಗತ್ತಿನ ಅತಿ ದೊಡ್ಡ ಕೋಟೆ, ಪೂರ್ತಿ ಕೆಂಪು ಇಟ್ಟಿಗೆ. ಟ್ಯೂಟಾನಿಕ್ ಪಂಥದ ಯೋಧ ಸನ್ಯಾಸಿಗಳದ್ದು. 1410ರಲ್ಲಿ ಗ್ರುನ್‌ವಾಲ್ಡ್ ಯುದ್ಧ ಗೆದ್ದ ಪೋಲೆಂಡ್ ರಾಜ ಇಲ್ಲಿಗೆ ಮುತ್ತಿಗೆ ಹಾಕಿದರೂ ಕೋಟೆ ಸಿಗಲಿಲ್ಲ. ಕೊನೆಗೆ 1457ರಲ್ಲಿ ಹೇಗೆ ಸಿಕ್ಕಿತು ಗೊತ್ತಾ? ಪಂಥದವರು ಕೂಲಿ ಸೈನಿಕರಿಗೆ ಸಂಬಳ ಕೊಟ್ಟಿರಲಿಲ್ಲ. ಸೈನಿಕರು ಕೋಟೆಯನ್ನೇ ರಾಜನಿಗೆ ಮಾರಿಬಿಟ್ಟರು. ಮಗನಿಗೆ ಈ ಕಥೆ ಹೇಳಿ ಕರೆದುಕೊಂಡು ಹೋಗಿ.

ನಕ್ಷೆಗಾರ
ಅಸಲಿ ಕಲ್ಲು ಅಂದಿರಲ್ಲ, ಅದಕ್ಕೆ ಹೇಳುತ್ತಿದ್ದೇನೆ. 1945ರ ಕಾಳಗದಲ್ಲಿ ಮಾಲ್ಬೋರ್ಕಿನ ಅರ್ಧದಷ್ಟು ಹಾಳಾಗಿತ್ತು. ಈಗ ಕಾಣುವುದರಲ್ಲಿ ತುಂಬಾ ಭಾಗ ಆಮೇಲೆ ಕಟ್ಟಿದ್ದು.

ಕಡಲತಡಿ
ಗೊತ್ತು. ಆದರೂ ಅರ್ಧ ಉಳಿದಿದೆ, ಹೊಸ ಇಟ್ಟಿಗೆ ಯಾವುದು ಹಳೇದು ಯಾವುದು ಅಂತ ಬಣ್ಣದಲ್ಲೇ ಗೊತ್ತಾಗುತ್ತದೆ. ನನ್ನ ವಾದ ಬಿಡುವುದಿಲ್ಲ.

ಯಾಣದಮ್ಮ
ಕೊನೆಗೆ ಹೀಗೆ ಮಾಡಿದ್ದೇವೆ. ಮೇ ಎರಡನೇ ವಾರ ಹೊರಡುವುದು. ಕ್ರಾಕೋವ್‌ನಲ್ಲಿ ಲಿಫ್ಟ್ ಇರುವ ಅಪಾರ್ಟ್‌ಮೆಂಟ್. ಗಣಿಗೆ ಬರೆದು ಕೇಳುತ್ತೇನೆ. ಅತ್ತೆಗೆ ಆಗದಿದ್ದರೆ ಆ ದಿನ ನಾನು ಅವರ ಜೊತೆ ಇರುತ್ತೇನೆ. ಆಶ್ವಿಟ್ಜ್‌ಗೆ ಅಪ್ಪ ಮಗ ಇಬ್ಬರೇ. ಮಗಳಿಗೆ ಡ್ರ್ಯಾಗನ್. ಸೋಮವಾರ ರೈಲು ಹತ್ತಿ ವಾರ್ಸಾ, ಮಂಗಳವಾರ 1944ರ ದಂಗೆಯ ಮ್ಯೂಸಿಯಂ ಮತ್ತು ಘೆಟ್ಟೋ (ಯುದ್ಧದಲ್ಲಿ ಯಹೂದಿಗಳನ್ನು ಕೂಡಿಹಾಕಿದ್ದ ಕೇರಿ) ಇದ್ದ ಕಡೆಯ ಯಹೂದಿ ಇತಿಹಾಸದ ಮ್ಯೂಸಿಯಂ, ಬುಧವಾರ ಅರಮನೆ, ಹಳೇ ಊರು, ಮಹಾರಾಜನ ಚೌಕ. ಗುರುವಾರ ಮಾಲ್ಬೋರ್ಕ್‌ನಲ್ಲಿ ಇಳಿದು, ಕೋಟೆ ನೋಡಿ, ಸಂಜೆ ಗ್ಡಾನ್ಸ್ಕ್. ಎರಡು ದಂಗೆ ಬೇರೆ ಬೇರೆ ಅಂತ ಮಗ ಹೇಳಿಕೊಟ್ಟ. ಘೆಟ್ಟೋದ್ದು 1943, ಊರಿನದ್ದು 1944.

ಮೇಷ್ಟ್ರು_ತೀರ್ಥಹಳ್ಳಿ
ಮಗನಿಗೆ ನನ್ನ ಶಭಾಷ್ ಹೇಳಮ್ಮ. ಇವೆರಡನ್ನು ದೊಡ್ಡ ದೊಡ್ಡವರೇ ಬೆರೆಸಿಬಿಡುತ್ತಾರೆ.

ಕ್ರಾಕೋವ್_ಕನ್ನಡಿಗ
ಅಕ್ಕ, ಮಂಗಳವಾರ ಬದಲಿಸಿ. ದಂಗೆಯ ಮ್ಯೂಸಿಯಂ, ಪೋಲಿನ್ (ಯಹೂದಿ ಇತಿಹಾಸದ ಮ್ಯೂಸಿಯಂ) ಎರಡಕ್ಕೂ ವಾರದ ರಜೆ ಮಂಗಳವಾರವೇ. ಅರಮನೆಗೆ ಸೋಮವಾರ. ಮಂಗಳವಾರ ಅರಮನೆ, ಹಳೇ ಊರು, ಚೌಕ ಮುಗಿಸಿ, ಬುಧವಾರ ಮ್ಯೂಸಿಯಂ ಹಾಕಿ.

ಯಾಣದಮ್ಮ
ಬದಲಿಸಿದೆ. ಅರಮನೆ ಮೊದಲು ಬಂತು, ಬೆಲ್ಲೋಟೋನ ಚಿತ್ರ ನೋಡಿಯೇ ಬೀದಿಗೆ ಇಳಿಯುತ್ತೇವೆ ಮೇಷ್ಟ್ರೇ.

ಬೆಣ್ಣೆದೋಸೆ
ವೀಸಾ ಅರ್ಜಿ ಹಾಕಿದ್ದೀರಾ? ಹೊರಡುವ ಆರು ತಿಂಗಳ ಮೊದಲಿನಿಂದಲೇ ಹಾಕಬಹುದು. ಐದು ಜನಕ್ಕೆ ಒಟ್ಟಿಗೆ ಸ್ಲಾಟ್ ಸಿಗುವುದು ಸುಲಭ ಅಲ್ಲ, ಇವತ್ತೇ ನೋಡಿ. 30,000 ಯೂರೋ ವಿಮೆ ಬೇಕು. ಅತ್ತೆಯವರ ವಯಸ್ಸಿಗೆ ಪ್ರೀಮಿಯಂ ಬೇರೆ ಇರುತ್ತದೆ, ಅದನ್ನೂ ಕೇಳಿಕೊಳ್ಳಿ.